ಸತ್ತ ಸಾಲ್ಮೊನೆಲ್ಲಾ ಹೇಳಿದ ಸಾಕ್ಷಿ: ಒಂದು ಪ್ರಕರಣ ಅಧ್ಯಯನ

ಎಣ್ಣೆಬೀಜದ ಪುಡಿ ತಯಾರಿಸುವ ಒಂದು ಘಟಕ. ಬೀಜಕ್ಕೆ ಬಿಸಿ ಹಬೆ ಹಾಯಿಸುತ್ತಾರೆ, ಒಣಗಿಸುತ್ತಾರೆ, ಪುಡಿ ಮಾಡಿ ಚೀಲಕ್ಕೆ ತುಂಬುತ್ತಾರೆ. ಕೊಂಡವರು ಇದನ್ನು ಮತ್ತೆ ಬೇಯಿಸುವುದಿಲ್ಲ. ಹಾಗೇ ತಿನ್ನುವ ಪದಾರ್ಥಗಳಿಗೆ ಬೆರೆಸುತ್ತಾರೆ. ಆದ್ದರಿಂದ ಕರುಳಿನ ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ವಿಷಯದಲ್ಲಿ ನಿಯಮ ಸರಳ: ಬ್ಯಾಚ್‌ನಿಂದ ತೆಗೆದ ಯಾವ 25 ಗ್ರಾಂ ಮಾದರಿಯಲ್ಲೂ ಅದು ಸಿಗಬಾರದು. ಒಂದರಲ್ಲಿ ಸಿಕ್ಕಿದರೂ ಇಡೀ ಬ್ಯಾಚ್ ಫೇಲ್.

ಈ ಬ್ಯಾಚ್‌ನಿಂದ 10 ಮಾದರಿ ತೆಗೆದಿದ್ದರು. ಡಿಎನ್‌ಎ ಹುಡುಕುವ ರಿಯಲ್ ಟೈಮ್ ಪಿಸಿಆರ್ ಪರೀಕ್ಷೆಯಲ್ಲಿ 3 ಪಾಸಿಟಿವ್ ಬಂದವು. ಆ ಮಾದರಿಗಳನ್ನು ಕಲಸಿಟ್ಟ ಅದೇ ಬಾಟಲಿಗಳಿಂದ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಹಾಕಿದರು. ಪ್ಲೇಟ್‌ಗಳಲ್ಲಿ ಸಾಲ್ಮೊನೆಲ್ಲಾದ ಸುಳಿವೇ ಇಲ್ಲ. ಒಂದು ಪರೀಕ್ಷೆ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಹೊರಗೆ ಲಾರಿ ನಿಂತಿದೆ.

ಉತ್ಪಾದನಾ ಮ್ಯಾನೇಜರ್ ಕೇಳಿದ್ದು ಯಾರಾದರೂ ಕೇಳುವ ಪ್ರಶ್ನೆಯೇ: "ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ತಾನೇ ಮೇಡಂ? ಹಾಗಿದ್ರೆ ಅವು ಸತ್ತಿವೆ. ನಾವು ಹಬೆ ಹಾಯಿಸೋದೇ ಸಾಯ್ಲಿ ಅಂತ ಅಲ್ವಾ?"

ಲ್ಯಾಬ್ ಮುಖ್ಯಸ್ಥೆಯ ಉತ್ತರ: "ಬೆಳೆದಿಲ್ಲ ಅಂತ ಗೊತ್ತಾಗಿದೆ. ಸತ್ತಿವೆ ಅಂತ ಇನ್ನೂ ಗೊತ್ತಾಗಿಲ್ಲ."

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದು ಕಂಪನಿಯಲ್ಲಿ ನಡೆದ ಘಟನೆಯ ವರದಿ ಅಲ್ಲ. ಆಹಾರ ಲ್ಯಾಬುಗಳಲ್ಲಿ ಎದುರಾಗುವ ಗೊಂದಲವನ್ನು ಬಿಡಿಸಿ ನೋಡಲು ಕಟ್ಟಿದ ಪ್ರಕರಣ. ಬಾಟಲಿಗಳ ಅಂಕಿಗಳನ್ನು ಲೆಕ್ಕ ಸುಲಭವಾಗುವಂತೆ ಇಟ್ಟಿದ್ದೇನೆ. ವಿಧಾನಗಳು, ಅವುಗಳ ಮಿತಿಗಳು ಮಾತ್ರ ನಿಜವಾದವು.

ಪಿಸಿಆರ್‌ಗೆ ಕಾಣುವುದೇನು

ಪಿಸಿಆರ್ ಹುಡುಕುವುದು ಡಿಎನ್‌ಎಯ ಒಂದು ತುಂಡನ್ನು. ಸಾಲ್ಮೊನೆಲ್ಲಾಗೆ ಸಾಮಾನ್ಯವಾಗಿ ಐಎನ್‌ವಿಎ ಎಂಬ ಜೀನ್‌ನ ತುಂಡು. ಅದು ಈಜಾಡುತ್ತಿರುವ ಬ್ಯಾಕ್ಟೀರಿಯಾದ್ದೋ, ನಿನ್ನೆ ಹಬೆಯಲ್ಲಿ ಬೆಂದು ಸತ್ತದ್ದರದ್ದೋ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಡಿಎನ್‌ಎ ಗಟ್ಟಿ ಅಣು. ಕೋಶ ಸತ್ತ ಮೇಲೂ ದಿನಗಟ್ಟಲೆ, ಒಣ ಪದಾರ್ಥದಲ್ಲಿ ಇನ್ನೂ ಜಾಸ್ತಿ ಕಾಲ, ಪಿಸಿಆರ್‌ಗೆ ಸಿಗುವಷ್ಟು ಉಳಿದಿರುತ್ತದೆ.

ಕಲ್ಚರ್ ಹಾಗಲ್ಲ. ಬೆಳೆಯುವಂಥದ್ದು ಮಾತ್ರ ಅಲ್ಲಿ ಕಾಣುತ್ತದೆ. ಆದರೆ ಕಾಯಬೇಕು. ಸಾಲ್ಮೊನೆಲ್ಲಾ ಪರೀಕ್ಷೆಯ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 6579-1 ಪ್ರಕಾರ 25 ಗ್ರಾಂ ಮಾದರಿಯನ್ನು 225 ಮಿ.ಲೀ. ಬಫರ್ಡ್ ಪೆಪ್ಟೋನ್ ವಾಟರ್ ಎಂಬ ಬ್ರಾತ್‌ನಲ್ಲಿ (ಬ್ರಾತ್ ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಸುಮಾರು 18 ಗಂಟೆ ಬೆಚ್ಚಗಿಡಬೇಕು. ಇದೇ ಎನ್‌ರಿಚ್‌ಮೆಂಟ್. ಆಮೇಲೆ ಅದರಿಂದ 0.1 ಮಿ.ಲೀ. ಆರ್‌ವಿಎಸ್ ಬ್ರಾತ್‌ಗೆ, 1 ಮಿ.ಲೀ. ಎಂಕೆಟಿಟಿಎನ್ ಬ್ರಾತ್‌ಗೆ. ಇವೆರಡೂ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆದು ಸಾಲ್ಮೊನೆಲ್ಲಾಗೆ ದಾರಿ ಬಿಡುವ ಬ್ರಾತ್‌ಗಳು. ಅಲ್ಲಿ 24 ಗಂಟೆ. ನಂತರ ಎಕ್ಸ್‌ಎಲ್‌ಡಿ ಪ್ಲೇಟ್‌ನಲ್ಲಿ ಇನ್ನೂ 24 ಗಂಟೆ. ಪ್ಲೇಟ್‌ನ ಕೆಂಪು ಅಗಾರ್ ಜೆಲ್ಲಿಯ ಮೇಲೆ ನಡುವೆ ಕಪ್ಪು ಚುಕ್ಕಿಯ ಕಾಲೊನಿ (ಬ್ಯಾಕ್ಟೀರಿಯಾಗಳ ಗುಂಪು) ಕಂಡರೆ ಅನುಮಾನ. ಅದನ್ನು ಖಚಿತಪಡಿಸಲು ಮತ್ತೆ ಒಂದೆರಡು ದಿನ.

ಈ ಲ್ಯಾಬ್ ಬೇಗ ಫಲಿತಾಂಶ ಬೇಕು ಅಂತ ಪಿಸಿಆರ್ ಕಿಟ್ ತಂದಿತ್ತು. ಎನ್‌ರಿಚ್‌ಮೆಂಟ್ 10 ಗಂಟೆಗೇ ನಿಲ್ಲಿಸುತ್ತಿತ್ತು. ಸಂಜೆ ಇಟ್ಟರೆ ಬೆಳಿಗ್ಗೆ ಉತ್ತರ. ಈ 10 ಗಂಟೆಯನ್ನು ನೆನಪಿಟ್ಟುಕೊಳ್ಳಿ.

ಫಲಿತಾಂಶ ಹೀಗಿತ್ತು. ಮೊದಲ ಬಾಟಲಿಯ ಸಿಟಿ ಮೌಲ್ಯ 34, ಎರಡನೆಯದು 35, ಮೂರನೆಯದು 34. ಸಿಟಿ ಅಂದರೆ ಎಷ್ಟನೇ ಸುತ್ತಿನಲ್ಲಿ ಸಿಗ್ನಲ್ ಮೇಲೆದ್ದಿತು ಅನ್ನುವ ಲೆಕ್ಕ. ಪ್ರತಿ ಸುತ್ತಿಗೂ ಡಿಎನ್‌ಎ ಸುಮಾರು ಎರಡರಷ್ಟಾಗುತ್ತದೆ. ಹಾಗಾಗಿ ಸಿಟಿ ಒಂದು ಕಡಿಮೆ ಆದರೆ ಮೂಲದಲ್ಲಿ ಎರಡು ಪಟ್ಟು ಇತ್ತು ಎಂದರ್ಥ. ಹತ್ತು ಪಟ್ಟಿಗೆ ಸುಮಾರು 3.3 ಸುತ್ತು. ಈ ಲ್ಯಾಬಿನ ಅಳತೆಯಲ್ಲಿ ಮಿ.ಲೀ.ಗೆ 1,000 ಕೋಶ ಇದ್ದರೆ ಸಿಟಿ 36 ಬರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಕಾಣುವುದು ಅನುಮಾನ. 34 ಎಂದರೆ 4,000.

ಮೊದಲು ಲ್ಯಾಬಿನ ಮೇಲೇ ಅನುಮಾನ

ಇಂಥ ಹೊತ್ತಲ್ಲಿ ಮೊದಲು ನೋಡಬೇಕಾದದ್ದು ನಮ್ಮ ಟ್ಯೂಬುಗಳನ್ನು. ಡಿಎನ್‌ಎ ಹಾಕದ ಕಂಟ್ರೋಲ್ ಟ್ಯೂಬ್ ಸ್ವಚ್ಛವಾಗಿತ್ತು. ಪುಡಿ ಹಾಕದೆ ಬರೀ ಪೆಪ್ಟೋನ್ ವಾಟರ್ ಇಟ್ಟು, ಅದರಿಂದಲೂ ಡಿಎನ್‌ಎ ತೆಗೆದು ನೋಡಿದರು. ಆ ದ್ರವದಲ್ಲೇ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಇರುವ ಸಾಧ್ಯತೆ ಉಂಟು, ಅದಕ್ಕೆ. ಅದೂ ನೆಗೆಟಿವ್. ಪಿಸಿಆರ್ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಹಾಕುವ ಇಂಟರ್ನಲ್ ಕಂಟ್ರೋಲ್‌ನ ಸಿಗ್ನಲ್ ಎಲ್ಲ ಟ್ಯೂಬುಗಳಲ್ಲೂ ಸರಿಯಾಗಿ ಏರಿತ್ತು, ಅಂದರೆ ಪುಡಿಯ ಅಂಶಗಳು ಪಿಸಿಆರ್‌ಗೆ ಅಡ್ಡಿ ಮಾಡಿಲ್ಲ. ಮತ್ತೊಮ್ಮೆ ಡಿಎನ್‌ಎ ತೆಗೆದರೂ ಅದೇ ಮೂರು ಬಾಟಲಿಗಳು ಪಾಸಿಟಿವ್. ಸಿಗ್ನಲ್ ನಿಜದ್ದೇ.

ಸೊನ್ನೆ ಗಂಟೆಯ ಟ್ಯೂಬ್

ಈ ಲ್ಯಾಬಿನಲ್ಲಿ ಒಂದು ಒಳ್ಳೆಯ ರೂಢಿ ಇತ್ತು. ಪುಡಿಯನ್ನು ಬ್ರಾತ್‌ಗೆ ಕಲಸಿದ ತಕ್ಷಣ, ಇನ್‌ಕ್ಯುಬೇಟರ್‌ಗೆ ಇಡುವ ಮೊದಲು, 1 ಮಿ.ಲೀ. ತೆಗೆದು ಫ್ರೀಜರ್‌ಗೆ ಹಾಕುತ್ತಿದ್ದರು. ಖರ್ಚಿಲ್ಲದ ಕೆಲಸ. ನನ್ನ ಪ್ರಕಾರ ಜೀವಂತವೋ ಸತ್ತದ್ದೋ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಆದರೂ ಬಹಳ ಕಡೆ ಇದನ್ನು ಮಾಡುವುದೇ ಇಲ್ಲ.

ಲೆಕ್ಕ ನೋಡಿ. ಜೀವಂತ ಕೋಶ ಇದ್ದರೆ ಬ್ರಾತ್‌ನಲ್ಲಿ ಬೆಳೆಯುತ್ತದೆ. ಸೊನ್ನೆ ಗಂಟೆಯಲ್ಲಿ ಏನೂ ಕಾಣದೆ, ಬೆಳಿಗ್ಗೆ ಸಿಗ್ನಲ್ ಬರುತ್ತದೆ. ಸತ್ತವು ಬೆಳೆಯುವುದಿಲ್ಲ. ಅವುಗಳ ಸಿಗ್ನಲ್ ಸೊನ್ನೆ ಗಂಟೆಯಲ್ಲೂ ಬೆಳಿಗ್ಗೆಯೂ ಒಂದೇ.

ಫ್ರೀಜರ್‌ನಿಂದ ಮೂರೂ ಟ್ಯೂಬ್ ತೆಗೆದು ಪಿಸಿಆರ್‌ಗೆ ಹಾಕಿದರು. 34, 35, 34. ಹತ್ತು ಗಂಟೆ ಬೆಚ್ಚಗಿಟ್ಟರೂ ಸಿಟಿ ಒಂಚೂರೂ ಕದಲಿಲ್ಲ. ಪಾಸಿಟಿವ್ ತಂದದ್ದು ಬೆಳವಣಿಗೆಯಲ್ಲ, ಪುಡಿಯಲ್ಲಿ ಮೊದಲೇ ಇದ್ದ ಡಿಎನ್‌ಎ ಎಂಬುದು ಇಲ್ಲಿಗೆ ಖಚಿತವಾಯಿತು.

ಮ್ಯಾನೇಜರ್ ಮುಖ ಅರಳಿತು. ಲಾರಿ ಚಾಲಕನಿಗೆ ಫೋನ್ ಕೂಡ ಹೋಯಿತು. ಮುಖ್ಯಸ್ಥೆ ಇನ್ನೊಂದು ದಿನ ಕೇಳಿದರು. ಡಿಎನ್‌ಎ ಬಹುಪಾಲು ಸತ್ತವುಗಳದ್ದು ನಿಜ. ಎಲ್ಲವೂ ಸತ್ತವುಗಳದ್ದೇನಾ? ಸತ್ತವುಗಳ ಸಿಗ್ನಲ್ ಅಳಿಸಿ, ಉಳಿದದ್ದನ್ನು ನೋಡಬೇಕು.

ಪಿಎಂಎ ಮೊದಲು ಕೈಕೊಟ್ಟಿತು

ಆ ಕೆಲಸಕ್ಕೆ ಇರುವ ಬಣ್ಣದ ಹೆಸರು ಪ್ರೊಪಿಡಿಯಂ ಮೊನೊಅಜೈಡ್, ಚಿಕ್ಕದಾಗಿ ಪಿಎಂಎ. 2003ರಲ್ಲಿ ಇದೇ ಜಾತಿಯ ಇಎಂಎ ಎಂಬ ಬಣ್ಣದಿಂದ ಈ ಉಪಾಯ ಶುರುವಾಯಿತು. ಆದರೆ ಇಎಂಎ ಕೆಲವೊಮ್ಮೆ ಬದುಕಿರುವ ಕೋಶಗಳೊಳಗೂ ನುಗ್ಗುತ್ತಿತ್ತು. 2006ರಲ್ಲಿ ಆಂಡ್ರಿಯಾಸ್ ನಾಕರ್ ಮತ್ತು ಸಂಗಡಿಗರು ಪಿಎಂಎ ಬಳಸಿ ತೋರಿಸಿದರು. ಪಿಎಂಎ ಅಣುವಿಗೆ ಎರಡು ಧನ ವಿದ್ಯುದಂಶ ಇದೆ. ಹಾಗಾಗಿ ಹೊರಪೊರೆ ಗಟ್ಟಿಯಾಗಿರುವ ಕೋಶ ಅದನ್ನು ಒಳಗೆ ಬಿಡುವುದಿಲ್ಲ.

ಕೆಲಸ ನಡೆಯುವುದು ಹೀಗೆ. ಸತ್ತ ಕೋಶದ ಪೊರೆ ಹರಿದಿರುತ್ತದೆ. ಬಣ್ಣ ಒಳಗೆ ಹೋಗಿ ಡಿಎನ್‌ಎಯ ಎಳೆಗಳ ನಡುವೆ ಸೇರುತ್ತದೆ. ಕತ್ತಲಲ್ಲಿ ಹತ್ತು ನಿಮಿಷ ಬಿಟ್ಟು ನೀಲಿ ಎಲ್‌ಇಡಿ ಬೆಳಕು ಹಾಯಿಸಿದರೆ ಬಣ್ಣ ಅಲ್ಲೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂಟಿದ ಡಿಎನ್‌ಎಯನ್ನು ಪಿಸಿಆರ್ ನಕಲು ಮಾಡಲಾರದು. ಬ್ರಾತ್‌ನಲ್ಲಿ ಉಳಿದ ಬಣ್ಣ ನೀರಿನ ಜೊತೆ ವರ್ತಿಸಿ ನಿಷ್ಕ್ರಿಯವಾಗುತ್ತದೆ. ಆದ್ದರಿಂದ ಆಮೇಲೆ ಬದುಕಿರುವ ಕೋಶ ಒಡೆದು ಡಿಎನ್‌ಎ ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ. ಕೊನೆಗೆ ಪಿಸಿಆರ್‌ಗೆ ಕಾಣುವುದು ಪೊರೆ ಗಟ್ಟಿ ಇದ್ದ ಕೋಶಗಳ ಡಿಎನ್‌ಎ ಮಾತ್ರ.

ಕೇಳಲು ಚೆಂದ. ಪುಡಿ ಕಲಸಿದ ಬ್ರಾತ್‌ನಲ್ಲಿ ಮಾಡಲು ಹೋದಾಗ ಮೊದಲ ಸಲವೇ ಎಡವಟ್ಟಾಯಿತು. ಅದು ಗೊತ್ತಾದದ್ದು ಕಂಟ್ರೋಲ್‌ನಿಂದ. ಲ್ಯಾಬಿನಲ್ಲಿ ಬೆಳೆಸಿದ ಸಾಲ್ಮೊನೆಲ್ಲಾವನ್ನು ಬಿಸಿಯಲ್ಲಿ ಕೊಂದು, ಎರಡು ಕಡೆ ಹಾಕಿದ್ದರು: ಒಂದು ತಿಳಿ ಬ್ರಾತ್‌ನಲ್ಲಿ, ಇನ್ನೊಂದು ನೆಗೆಟಿವ್ ಪುಡಿ ಕಲಸಿದ ಬ್ರಾತ್‌ನಲ್ಲಿ. ತಿಳಿ ಬ್ರಾತ್‌ನಲ್ಲಿ ಪಿಎಂಎ ಸಿಗ್ನಲ್ಲನ್ನು ಪೂರ್ತಿ ನುಂಗಿತು. ಪುಡಿಯ ಬ್ರಾತ್‌ನಲ್ಲಿ ಸಿಟಿ ಬರೀ 3 ಸುತ್ತು ಹಿಂದೆ ಹೋಯಿತು ಅಷ್ಟೇ. ಪೂರಾ ಸತ್ತ ಕೋಶಗಳೇ ಎಂಟರಲ್ಲೊಂದು ಪಾಲು ಬದುಕಿವೆ ಎಂಬಂತೆ ಕಂಡವು.

ಕಾರಣ ಬಾಟಲಿ ಎತ್ತಿ ನೋಡಿದರೇ ತಿಳಿಯುತ್ತದೆ. ಬ್ರಾತ್ ಮಣ್ಣಿನ ನೀರಿನ ಹಾಗೆ ಕದಡಿದೆ, ಮೇಲೆ ಎಣ್ಣೆಯ ಪದರ ತೇಲುತ್ತಿದೆ. ನೀಲಿ ಬೆಳಕು ಅದರೊಳಗೆ ಹೋಗುವುದೇ ಕಷ್ಟ. ಬಣ್ಣದ ಒಂದು ಪಾಲು ಪುಡಿಯ ಕಣಗಳಿಗೇ ಅಂಟಿ ವ್ಯರ್ಥವಾಗುತ್ತದೆ. ಕಿಟ್ ಜೊತೆ ಬರುವ ಕಾಗದದಲ್ಲಿನ ಅಂದವಾದ ಗ್ರಾಫ್‌ಗಳು ತಿಳಿ ಬ್ರಾತ್‌ನವು. ನಮ್ಮ ಪದಾರ್ಥದಲ್ಲೇ ಕೊಂದ ಕೋಶ ಹಾಕಿ ನೋಡದೆ ಪಿಎಂಎ ಫಲಿತಾಂಶ ಬರೆದರೆ ಅದಕ್ಕೆ ಬೆಲೆ ಇಲ್ಲ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ದಾರಿ ಹೀಗೆ ಮಾಡಿಕೊಂಡರು. ಮೊದಲು ಸೆಂಟ್ರಿಫ್ಯೂಜನ್ನು ನಿಧಾನ ವೇಗದಲ್ಲಿ ತಿರುಗಿಸಿ ಪುಡಿಯನ್ನು ತಳಕ್ಕೆ ಇಳಿಸಿದರು. ಮೇಲಿನ ಎಣ್ಣೆ ಬಿಟ್ಟು ನಡುವಿನ ದ್ರವ ತೆಗೆದರು. ಅದನ್ನು ಜೋರಾಗಿ ತಿರುಗಿಸಿ ಬ್ಯಾಕ್ಟೀರಿಯಾವನ್ನು ತಳದಲ್ಲಿ ಕೂರಿಸಿ, ತೊಳೆದು, ತಿಳಿ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಕಲಸಿದರು. ನಂತರ 50 ಮೈಕ್ರೊಮೋಲಾರ್ ಪಿಎಂಎ, ಕತ್ತಲಲ್ಲಿ ಆಗಾಗ ಅಲುಗಿಸುತ್ತ 10 ನಿಮಿಷ, ಬೆಳಕಿನಲ್ಲಿ 15 ನಿಮಿಷ. ಪಿಸಿಆರ್‌ಗೂ ಸ್ವಲ್ಪ ಉದ್ದದ ತುಂಡನ್ನು ಆರಿಸಿಕೊಂಡರು. ತುಂಡು ಉದ್ದ ಇದ್ದಷ್ಟೂ ಅದರಲ್ಲಿ ಎಲ್ಲಾದರೂ ಒಂದು ಕಡೆ ಬಣ್ಣ ಅಂಟಿರುವ ಸಂಭವ ಜಾಸ್ತಿ. ಈಗ ಕೊಂದ ಕೋಶಗಳ ಸಿಗ್ನಲ್ ಪೂರ್ತಿ ಮಾಯವಾಯಿತು. ಬದುಕಿರುವ ಕೋಶ ಹಾಕಿದ ಕಂಟ್ರೋಲ್‌ನ ಸಿಟಿ ಒಂದು ಸುತ್ತಿನಷ್ಟೂ ಬದಲಾಗಲಿಲ್ಲ.

ಫ್ರೀಜರ್‌ನ ಟ್ಯೂಬುಗಳನ್ನು ಮಾತ್ರ ಪಿಎಂಎಗೆ ಬಳಸಲಿಲ್ಲ. ಹೆಪ್ಪುಗಟ್ಟಿದಾಗ ಬದುಕಿರುವ ಕೋಶದ ಪೊರೆಯೂ ಹರಿಯುತ್ತದೆ. 10 ಗಂಟೆ ಆದ ಮೇಲೆ ಫ್ರಿಜ್‌ನಲ್ಲಿಟ್ಟಿದ್ದ ಬಾಟಲಿಗಳನ್ನೇ ತೆಗೆದರು. ಫಲಿತಾಂಶ: ಮೂರರಲ್ಲೂ ಸಿಗ್ನಲ್ ಇಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಪಿಎಂಎ ನೋಡುವುದು ಪೊರೆಯನ್ನು, ಜೀವವನ್ನಲ್ಲ. ಹಬೆಯಲ್ಲಿ ಸತ್ತವುಗಳ ಪೊರೆ ಹರಿಯುತ್ತದೆ, ಸರಿ. ಅತಿನೇರಳೆ ಬೆಳಕಿನಲ್ಲಿ ಸತ್ತವುಗಳ ಡಿಎನ್‌ಎ ಕೆಟ್ಟಿರುತ್ತದೆ, ಪೊರೆ ಹಾಗೇ ಇರುತ್ತದೆ. ಅಂಥವನ್ನು ಪಿಎಂಎ ಬದುಕಿವೆ ಅಂತಲೇ ಎಣಿಸುತ್ತದೆ. ಬೇರೆ ದಾರಿಗಳೂ ಇವೆ. ಕೋಶಗಳ ಶಕ್ತಿಯ ಅಣುವಾದ ಎಟಿಪಿಯನ್ನು ಅಳೆಯುವ ಮೀಟರ್ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಕೊಡುತ್ತದೆ, ಆದರೆ ಯಾವ ಬ್ಯಾಕ್ಟೀರಿಯಾ ಅಂತ ಹೇಳುವುದಿಲ್ಲ, ಆಹಾರದ ಎಟಿಪಿಯನ್ನೂ ಸೇರಿಸಿ ಓದುತ್ತದೆ. ಜೀನ್‌ನ ಸಂದೇಶ ಒಯ್ಯುವ ಎಂಆರ್‌ಎನ್‌ಎ ಬಹುಬೇಗ ಹಾಳಾಗುವುದರಿಂದ ಜೀವದ ಒಳ್ಳೆಯ ಗುರುತು, ಆದರೆ ಅದೇ ಕಾರಣಕ್ಕೆ ಕೈಗೆ ಸಿಗುವುದೂ ಕಷ್ಟ. ಬ್ಯಾಕ್ಟೀರಿಯೊಫೇಜ್ ಎಂಬ ವೈರಸ್‌ಗಳು ಬದುಕಿರುವ ಬ್ಯಾಕ್ಟೀರಿಯಾದೊಳಗೆ ಮಾತ್ರ ಮರಿ ಮಾಡಬಲ್ಲವು, ಅದನ್ನೂ ಪರೀಕ್ಷೆಗೆ ಬಳಸುತ್ತಾರೆ. ಬದುಕಿರುವವು ಹಸಿರಾಗಿ, ಸತ್ತವು ಕೆಂಪಾಗಿ ಕಾಣುವಂತೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲೋ, ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೊಮೀಟರ್ ಯಂತ್ರದಲ್ಲೋ ಎಣಿಸಬಹುದು, ಆದರೆ ಪುಡಿಯ ಕಣಗಳೇ ಹೊಳೆದು ಕಣ್ಣು ತಪ್ಪಿಸುತ್ತವೆ. ಈ ಪುಡಿಗೆ ಪಿಎಂಎಯೇ ಸರಿಯಾದ ಆಯ್ಕೆ ಆಗಿತ್ತು.

ಮೂರನೇ ಬಾಟಲಿ

ಈಗ ಕೈಯಲ್ಲಿ ಮೂರು ಸಾಕ್ಷಿ. ಕಲ್ಚರ್ ನೆಗೆಟಿವ್. ಸೊನ್ನೆ ಗಂಟೆಗೂ ಹತ್ತು ಗಂಟೆಗೂ ವ್ಯತ್ಯಾಸ ಇಲ್ಲ. ಪಿಎಂಎ ನೆಗೆಟಿವ್. ಎಷ್ಟೋ ಕಡೆ ಫೈಲ್ ಇಲ್ಲಿಗೇ ಮುಚ್ಚುತ್ತದೆ.

ಮುಖ್ಯಸ್ಥೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿದರು. ಹಬೆಯ ಪೆಟ್ಟು ತಿಂದು, ಒಣಗಿ, ಅರೆಜೀವವಾಗಿ ಒಂದೇ ಒಂದು ಕೋಶ ಉಳಿದಿದೆ ಅಂದುಕೊಳ್ಳೋಣ. ಬ್ರಾತ್‌ಗೆ ಬಿದ್ದ ತಕ್ಷಣ ಅದು ಬೆಳೆಯುವುದಿಲ್ಲ. ಮೊದಲು ರಿಪೇರಿ ಮಾಡಿಕೊಳ್ಳಬೇಕು. ಅದಕ್ಕೆ 6 ಗಂಟೆ ಹಿಡಿಯಿತು ಎನ್ನೋಣ. ಉಳಿದ 4 ಗಂಟೆಯಲ್ಲಿ ಅರ್ಧ ಗಂಟೆಗೊಮ್ಮೆ ಎರಡರಷ್ಟಾದರೆ 8 ಸಲ ದುಪ್ಪಟ್ಟು, ಅಂದರೆ 256 ಕೋಶ. ಬಾಟಲಿಯಲ್ಲಿರುವುದು 250 ಮಿ.ಲೀ. ಹಾಗಾದರೆ ಮಿ.ಲೀ.ಗೆ ಸುಮಾರು ಒಂದು.

ಈ ಒಂದನ್ನು ಹಿಡಿಯಲು ಯಾವ ಪರೀಕ್ಷೆಗೆ ಸಾಧ್ಯವಿತ್ತು? ಪಿಸಿಆರ್‌ಗೆ ಮಿ.ಲೀ.ಗೆ 1,000 ಬೇಕು. ಪಿಎಂಎ ಸತ್ತವುಗಳ ಸಿಗ್ನಲ್ ಅಳಿಸುತ್ತದೆ, ಬದುಕಿರುವವುಗಳ ಸಿಗ್ನಲ್ಲನ್ನು ಹೆಚ್ಚಿಸುವುದಿಲ್ಲ, ಆ 1,000ದ ಗೆರೆ ಅಲ್ಲೇ ಇರುತ್ತದೆ. ಸೊನ್ನೆ ಗಂಟೆಯ ಹೋಲಿಕೆಯಲ್ಲೂ ಅಷ್ಟೇ. 4,000ಕ್ಕೆ ಒಂದು ಸೇರಿದರೆ ಸಿಟಿ ಕದಲುವುದುಂಟೇ? ಕಲ್ಚರ್‌ಗೆ ಹೋದದ್ದು ಒಂದು ಕಡೆ 0.1 ಮಿ.ಲೀ., ಇನ್ನೊಂದು ಕಡೆ 1 ಮಿ.ಲೀ. ಮಿ.ಲೀ.ಗೆ ಒಂದರಂತೆ ಇದ್ದರೆ ಎರಡರಲ್ಲೂ ಒಂದೂ ಬೀಳದೆ ಇರುವ ಸಂಭವ ಮೂರಕ್ಕೆ ಒಂದು. ಬಿದ್ದರೂ, ಇನ್ನೂ ಸುಧಾರಿಸಿಕೊಳ್ಳುತ್ತಿರುವ ಕೋಶಕ್ಕೆ ಆ ಬ್ರಾತ್‌ಗಳಲ್ಲಿರುವ ಮ್ಯಾಲಕೈಟ್ ಗ್ರೀನ್, ಬ್ರಿಲಿಯಂಟ್ ಗ್ರೀನ್‌ನಂಥವು ಸುಲಭದ ಊಟವಲ್ಲ.

ಮೂರು ಪರೀಕ್ಷೆಗಳೂ ನೆಗೆಟಿವ್ ಅಂದವು ನಿಜ. ಮೂರೂ ನೋಡಿದ್ದು ಅದೇ 10 ಗಂಟೆಯ ಬಾಟಲಿಯನ್ನು. ಮೂರು ಸಾಕ್ಷಿ ಅಂತ ಎಣಿಸಿದ್ದು ಅಸಲಿಗೆ ಒಂದೂವರೆ ಸಾಕ್ಷಿ.

ಬಾಟಲಿಗಳನ್ನು ಫ್ರಿಜ್‌ನಿಂದ ತೆಗೆದು ಮತ್ತೆ 37 ಡಿಗ್ರಿಗೆ ಇಟ್ಟರು. ಇನ್ನೂ ಹತ್ತು ಗಂಟೆ ಬೆಳೆಯುವಷ್ಟು ಸಮಯ ಕೊಟ್ಟರು. ಮೊದಲ ಬಾಟಲಿ: ಸಿಟಿ 34, ಪಿಎಂಎ ಹಾಕಿದರೆ ಸಿಗ್ನಲ್ ಇಲ್ಲ. ಎರಡನೆಯದು: 35, ಪಿಎಂಎ ಹಾಕಿದರೆ ಇಲ್ಲ. ಮೂರನೆಯದು: ಪಿಎಂಎ ಇಲ್ಲದೆ 26, ಪಿಎಂಎ ಹಾಕಿದರೂ 26.

34ರಿಂದ 26ಕ್ಕೆ ಎಂಟು ಸುತ್ತು. 256 ಪಟ್ಟು. ಮಿ.ಲೀ.ಗೆ ಸುಮಾರು 10 ಲಕ್ಷ ಕೋಶ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಪೊರೆ ಗಟ್ಟಿ ಇರುವವು. ಅದೇ ಬಾಟಲಿಯಿಂದ ಮತ್ತೆ ಕಲ್ಚರ್ ಹಾಕಿದರು. ಎಕ್ಸ್‌ಎಲ್‌ಡಿ ಮೇಲೆ ಕಪ್ಪು ಚುಕ್ಕಿಯ ಕಾಲೊನಿಗಳು ಸಾಲಾಗಿ ಎದ್ದವು. ಖಚಿತ ಪರೀಕ್ಷೆಯೂ ಸಾಲ್ಮೊನೆಲ್ಲಾ ಎಂದಿತು. ಬ್ಯಾಚ್ ಫೇಲ್.

"ಅಂದ್ರೆ ನಮ್ಮ ಹಬೆ ಯಂತ್ರ ಕೆಟ್ಟಿದೆ" ಅಂದರು ಮ್ಯಾನೇಜರ್. ಯಂತ್ರ ಕೆಟ್ಟಿರಲಿಲ್ಲ. ಅದನ್ನು ಹೇಳಿದ್ದು ಸತ್ತ ಬ್ಯಾಕ್ಟೀರಿಯಾಗಳು.

ಸತ್ತವುಗಳನ್ನು ಎಣಿಸಿದಾಗ

ಈ ಪ್ರಕರಣದಲ್ಲಿ ನನಗೆ ತುಂಬ ಮುಖ್ಯ ಅನಿಸುವ ಭಾಗ ಇದು. ಜೀವಂತ ಯಾವುದು, ಸತ್ತದ್ದು ಯಾವುದು ಎಂದು ಬೇರ್ಪಡಿಸಿದ ಮೇಲೆ ಸತ್ತದ್ದನ್ನು ಕಸ ಎಂದು ಎಸೆಯುವುದು ರೂಢಿ. ಎಸೆಯುವ ಮುನ್ನ ಎಣಿಸಿ ನೋಡಬೇಕು.

ಮೂರನೇ ಬಾಟಲಿಯಲ್ಲಿ ಮಿ.ಲೀ.ಗೆ 4,000. 250 ಮಿ.ಲೀ.ಗೆ 10 ಲಕ್ಷ. ಅದು 25 ಗ್ರಾಂ ಪುಡಿಯದ್ದು. ಅಂದರೆ ಗ್ರಾಂಗೆ 40,000 ಸಾಲ್ಮೊನೆಲ್ಲಾ. ಎನ್‌ರಿಚ್‌ಮೆಂಟ್‌ಗೆ ಮೊದಲೇ ಪಿಸಿಆರ್‌ಗೆ ಕಾಣಿಸಿದೆ ಎಂದರೇ ಸಣ್ಣ ಸಂಖ್ಯೆ ಅಲ್ಲ ಎಂದು ಅನುಮಾನ ಬರಬೇಕಿತ್ತು. ಒಂದೆರಡು ಸತ್ತ ಕೋಶ 250 ಮಿ.ಲೀ.ನಲ್ಲಿ ಪಿಸಿಆರ್‌ಗೆ ಕಾಣುವುದೇ ಇಲ್ಲ.

ಘಟಕದ ಹಬೆ ಪ್ರಕ್ರಿಯೆ 5 ಲಾಗ್ ಇಳಿಕೆಗೆ ಪರೀಕ್ಷೆಯಾಗಿತ್ತು. ಸಾಲ್ಮೊನೆಲ್ಲಾ ಬದಲಿಗೆ ಅಪಾಯವಿಲ್ಲದ ಎಂಟರೊಕಾಕಸ್ ಫೀಸಿಯಂ ತಳಿಯನ್ನು ಬೀಜಕ್ಕೆ ಹಚ್ಚಿ, ಹಬೆ ಹಾಯಿಸಿ ನೋಡುವ ಪದ್ಧತಿ ಅದು. 5 ಲಾಗ್ ಅಂದರೆ 1 ಲಕ್ಷಕ್ಕೆ ಒಂದು ಉಳಿಯುತ್ತದೆ. ಗಮನಿಸಿ, ಇದು ಅನುಪಾತ. ಸೊನ್ನೆ ಮಾಡುತ್ತೇನೆ ಅಂತ ಯಂತ್ರ ಎಲ್ಲೂ ಮಾತು ಕೊಟ್ಟಿಲ್ಲ. ಗ್ರಾಂಗೆ ಒಂದು ಕೋಶ ಇರುವ ಬೀಜ ಬಂದರೆ, ಹಬೆಯ ನಂತರ 25 ಗ್ರಾಂನ 4,000 ಮಾದರಿಯಲ್ಲಿ ಒಂದರಲ್ಲಿ ಮಾತ್ರ ಜೀವಂತ ಕೋಶ ಸಿಗುತ್ತದೆ. ಗ್ರಾಂಗೆ 40,000 ಇರುವ ಬೀಜ ಬಂದರೆ 5 ಲಾಗ್ ನಂತರವೂ ಪ್ರತಿ 25 ಗ್ರಾಂನಲ್ಲಿ 10 ಉಳಿಯಬೇಕಿತ್ತು. ಇಲ್ಲಿ ಮೂರು ಬಾಟಲಿ ಸೇರಿ ಉಳಿದದ್ದು ಒಂದೋ ಏನೋ. ಯಂತ್ರ ಹೇಳಿದ್ದಕ್ಕಿಂತ ಜಾಸ್ತಿಯೇ ಕೆಲಸ ಮಾಡಿದೆ.

ಇದಕ್ಕೊಂದು ಆಕ್ಷೇಪ ಬರಬೇಕು, ಬಂದೂ ಬಂತು. ಆ 40,000ವೂ ಹಬೆಯಲ್ಲೇ ಸತ್ತವು ಅಂತ ಹೇಗೆ ಹೇಳುತ್ತೀರಿ? ಗೋದಾಮಿನಲ್ಲಿ ಒಣಗಿ ಮೊದಲೇ ಸತ್ತಿರಬಹುದಲ್ಲ? ನ್ಯಾಯವಾದ ಪ್ರಶ್ನೆ. ಹಸಿ ಬೀಜದ, ಅಂದರೆ ಇನ್ನೂ ಹಬೆ ಹಾಯಿಸದ ಬೀಜದ, ಎತ್ತಿಟ್ಟ ಉಳಿಕೆ ಮಾದರಿ ಇತ್ತು. ಹಂತ ಹಂತವಾಗಿ ತೆಳು ಮಾಡಿ ಬೆಳೆಸುವ ಎಂಪಿಎನ್ ವಿಧಾನದಲ್ಲಿ ಎಣಿಸಿದರು. ಗ್ರಾಂಗೆ ಸುಮಾರು 8,000 ಜೀವಂತ. ಅಂದರೆ ಐದರಲ್ಲಿ ಒಂದು ಪಾಲು ಬದುಕಿ ಬಂದಿತ್ತು. ಹೀಗೆ ಲೆಕ್ಕ ಹಾಕಿದರೂ (ಸಿಟಿ 35 ಬಂದ ಎರಡನೇ ಬಾಟಲಿಯದ್ದು ಅರ್ಧ ಎಂದು ಹಿಡಿದು) ಮೂರು ಬಾಟಲಿಗಳ ಪುಡಿಯಲ್ಲಿ ಸುಮಾರು 5 ಲಕ್ಷ ಜೀವಂತ ಕೋಶ ಹಬೆಗೆ ಹೋಗಿ ಒಂದು ಹೊರಬಂದಿದೆ. 5 ಲಾಗ್‌ಗಿಂತ ಮೇಲೇ.

ಮತ್ತೊಂದು ಸಾಧ್ಯತೆ: ಹಬೆಯ ನಂತರ ಯಂತ್ರದಿಂದಲೋ ನೆಲದಿಂದಲೋ ಹೊಸದಾಗಿ ಸೇರಿದ್ದು. ಒಣಗಿಸುವ ಕಡೆ, ಪುಡಿ ಮಾಡುವ ಕಡೆ, ಚೀಲ ತುಂಬುವ ಕಡೆ ಸ್ವಾಬ್ ತೆಗೆದರು. ಏನೂ ಸಿಗಲಿಲ್ಲ. ಹಸಿ ಬೀಜದಿಂದ ಬೆಳೆದ ತಳಿಯದ್ದೂ ಮೂರನೇ ಬಾಟಲಿಯ ತಳಿಯದ್ದೂ ಪೂರ್ತಿ ಜೀನೋಮ್ ಓದಿಸಿದಾಗ ಎರಡೂ ಹೆಚ್ಚುಕಡಿಮೆ ಒಂದೇ. ದಾರಿ ಬೀಜದಿಂದಲೇ.

ಗ್ರಾಂಗೆ 40,000 ಎನ್ನುವುದರಲ್ಲಿ ಇನ್ನೊಂದು ಸುಳಿವೂ ಇತ್ತು. ಒಣ ಬೀಜದಲ್ಲಿ ಸಾಲ್ಮೊನೆಲ್ಲಾ ತಿಂಗಳುಗಟ್ಟಲೆ ಬದುಕಿರುತ್ತದೆ, ಬೆಳೆಯುವುದಿಲ್ಲ. ಬೆಳೆಯಲು ನೀರು ಬೇಕು. ಬ್ಯಾಕ್ಟೀರಿಯಾಗೆ ಬಳಸಲು ಸಿಗುವ ನೀರಿನ ಅಳತೆಗೆ ನೀರಿನ ಚಟುವಟಿಕೆ ಎನ್ನುತ್ತಾರೆ. ಅದು ಸುಮಾರು 0.93ಕ್ಕಿಂತ ಕೆಳಗಿದ್ದರೆ ಸಾಲ್ಮೊನೆಲ್ಲಾ ಬೆಳೆಯದು, ಒಣ ಬೀಜದಲ್ಲಿ ಈ ಅಳತೆ ಇದಕ್ಕಿಂತ ಎಷ್ಟೋ ಕಡಿಮೆ. ಹಾಗಾದರೆ ಈ ಲಾಟ್ ಎಲ್ಲೋ ಒಂದು ಕಡೆ ನೆನೆದಿದೆ. ಹತ್ತರಲ್ಲಿ ಮೂರೇ ಮಾದರಿ ಪಾಸಿಟಿವ್ ಬಂದದ್ದಕ್ಕೂ ಇದು ಹೊಂದುತ್ತದೆ, ಎಲ್ಲ ಚೀಲಗಳೂ ನೆನೆದಿರಲಿಲ್ಲ. ಗೋದಾಮಿನಲ್ಲಿ ಉಳಿದ ಚೀಲಗಳನ್ನು ಇಳಿಸಿದಾಗ ಗೋಡೆ ಬದಿಯ ಕೆಳಸಾಲಿನ ಕೆಲವು ಚೀಲಗಳಲ್ಲಿ ಬೀಜ ಮುದ್ದೆಗಟ್ಟಿತ್ತು.

ಬೆಳೆಯದೆ ಬದುಕಿರುವವು

ಬೆಳೆಯದಿದ್ದರೆ ಸತ್ತಿದೆ ಅನ್ನುವ ನಂಬಿಕೆ 1982ರಲ್ಲೇ ಅಲುಗಾಡಿತ್ತು. ರೀಟಾ ಕೋಲ್ವೆಲ್ ಅವರ ತಂಡ ಕಾಲರಾ ಬ್ಯಾಕ್ಟೀರಿಯಾ ಮತ್ತು ಈ. ಕೋಲಿ, ಪ್ಲೇಟ್ ಮೇಲೆ ಬೆಳೆಯದ ಆದರೆ ಬದುಕಿರುವ ಸ್ಥಿತಿಗೆ ಹೋಗುತ್ತವೆ ಎಂದು ತೋರಿಸಿತು. ಜಪಾನಿನಲ್ಲಿ 1998ರಲ್ಲಿ ಉಪ್ಪು ಹಾಕಿದ ಸಾಲ್ಮನ್ ಮೀನಿನ ಮೊಟ್ಟೆಯಿಂದ ಈ. ಕೋಲಿ ಒ157 ಕಾಯಿಲೆ ಹರಡಿತು. ಪ್ಲೇಟ್‌ನಲ್ಲಿ ಎಣಿಸಿದಾಗ ಸಿಕ್ಕ ಸಂಖ್ಯೆ ಕಾಯಿಲೆಗೆ ಕಾರಣವಾಗಲು ತೀರಾ ಕಡಿಮೆ ಎನಿಸುವಷ್ಟಿತ್ತು. ಆಮೇಲೆ ಸಂಶೋಧಕರು ರೋಗಿಗಳಿಂದ ಸಿಕ್ಕ ತಳಿಯನ್ನು 13 ಶೇಕಡಾ ಉಪ್ಪಿನ ನೀರಿನಲ್ಲಿಟ್ಟರು. 72 ಗಂಟೆಯ ನಂತರ ಅದು ಅಗಾರ್ ಮೇಲೆ ಬೆಳೆಯಲಿಲ್ಲ, ಆದರೆ ಬಣ್ಣ ಹಾಕಿ ನೋಡಿದರೆ 90 ಶೇಕಡಾಕ್ಕಿಂತ ಹೆಚ್ಚು ಕೋಶಗಳು ಬದುಕಿದ್ದವು. ನಮ್ಮ ಮೂರನೇ ಬಾಟಲಿಯದ್ದು ಇಷ್ಟು ದೊಡ್ಡ ಮರೆಯಾಟ ಅಲ್ಲ. ಪೆಟ್ಟು ತಿಂದ ಕೋಶಕ್ಕೆ ಹೊತ್ತು ಸಾಲಲಿಲ್ಲ, ಅಷ್ಟೇ.

ಇದರ ಉಲ್ಟಾ ತಪ್ಪೂ ಇದೆ. ಸತ್ತಿದ್ದರೆ ಸುರಕ್ಷಿತ ಎನ್ನುವುದು. ಸಾಲ್ಮೊನೆಲ್ಲಾ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ಸರಿ, ಯಾಕಂದರೆ ಅದು ಬದುಕಿ ಕರುಳು ಸೇರಿದರೆ ಕಾಯಿಲೆ. ಸ್ಟೆಫಿಲೊಕಾಕಸ್ ಆರಿಯಸ್ ಆಹಾರದಲ್ಲೇ ವಿಷ ಬಿಟ್ಟಿರುತ್ತದೆ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷ 121 ಡಿಗ್ರಿಗೂ ಜಗ್ಗುವುದಿಲ್ಲ. ಅಲ್ಲಿ ಪಿಎಂಎ ಹಾಕಿ ಎಲ್ಲ ಸತ್ತಿವೆ ಎಂದು ಬರೆದರೆ ತಿನ್ನುವವನಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಆಮೇಲೆ ಮಾಡಿದ್ದು

ಬ್ಯಾಚ್ ನಾಶವಾಯಿತು. ಮತ್ತೊಮ್ಮೆ ಹಬೆ ಹಾಯಿಸಿ ಉಳಿಸಿಕೊಳ್ಳೋಣ ಎಂಬ ಸಲಹೆ ಬಂದಿತ್ತು. ಆದರೆ ಪ್ರಕ್ರಿಯೆಯ ಪರೀಕ್ಷೆ ನಡೆದದ್ದು ಇಡೀ ಬೀಜದ ಮೇಲೆ, ಪುಡಿಯ ಮೇಲಲ್ಲ. ಪುಡಿಯಲ್ಲಿ ಹಬೆ ಹೇಗೆ ಹರಡುತ್ತದೆ ಎಂದು ಯಾರೂ ಅಳೆದಿರಲಿಲ್ಲ. ಸಲಹೆ ಬಿದ್ದುಹೋಯಿತು.

ಪ್ರತಿ ಹಸಿ ಲಾಟ್‌ಗೂ ಸೊನ್ನೆ ಗಂಟೆಯ ಪಿಸಿಆರ್ ಕಡ್ಡಾಯವಾಯಿತು. ಎನ್‌ರಿಚ್‌ಮೆಂಟ್ ಇಲ್ಲದೆಯೇ ಸಿಗ್ನಲ್ ಕಂಡರೆ, ಬದುಕಿರಲಿ ಸತ್ತಿರಲಿ, ಆ ಲಾಟ್ ವಾಪಸ್. ಪುಡಿಯ ಎನ್‌ರಿಚ್‌ಮೆಂಟ್ 20 ಗಂಟೆಗೆ ಏರಿತು. ಪಿಎಂಎ ಪಿಸಿಆರನ್ನು ತನಿಖೆಗೆ ಮಾತ್ರ ಇಟ್ಟುಕೊಂಡರು. ಅದರ ಬಲದ ಮೇಲೆ ಯಾವ ಬ್ಯಾಚನ್ನೂ ಬಿಡುವಂತಿಲ್ಲ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಕೊನೆಗೆ ಉಳಿದದ್ದು ಅಹಿತಕರ ಕೆಲಸ. 10 ಗಂಟೆ ಎಂಬ ಅವಧಿ ಬಂದದ್ದೆಲ್ಲಿಂದ ಎಂದು ಹುಡುಕಿದಾಗ, ಕಿಟ್ ತಯಾರಕರು ಅದನ್ನು ಪರೀಕ್ಷಿಸಿದ್ದು ತೇವದ ಆಹಾರಗಳ ಮೇಲೆ ಎಂದು ಕಾಗದದಲ್ಲೇ ಇತ್ತು. ಒಣ ಪುಡಿಯ ಪೆಟ್ಟು ತಿಂದ ಕೋಶಗಳಿಗೆ ಅದು ಸಾಲದು. ಅಂದರೆ ಇಷ್ಟು ಕಾಲ ಇದೇ 10 ಗಂಟೆಯಲ್ಲಿ ನೆಗೆಟಿವ್ ಎಂದು ಬಿಟ್ಟ ಬ್ಯಾಚ್‌ಗಳ ಮೇಲೂ ಪ್ರಶ್ನೆ ಬಂತು. ಇದೇ ಹಸಿ ಲಾಟ್‌ನಿಂದ ಮಾಡಿದ ಇನ್ನೆರಡು ಬ್ಯಾಚ್‌ಗಳನ್ನು ಅಂದೇ ತಡೆದರು. ಉಳಿದವುಗಳ ಉಳಿಕೆ ಮಾದರಿಗಳನ್ನು, ಬಾಳಿಕೆ ಅವಧಿ ಇನ್ನೂ ಮುಗಿಯದವನ್ನು ಮೊದಲು ಆರಿಸಿ, 20 ಗಂಟೆಯ ಎನ್‌ರಿಚ್‌ಮೆಂಟ್‌ಗೆ ಇಡಲು ಶುರು ಮಾಡಿದರು.